ಮಕ್ಕಳು ನೋಡ್ತಾ ಇರ್ತಾರೆ: ಜರ್ಮನಿಗೆ ಬಂದ ಹೊಸಬರಿಗೆ

ಮಗು ಕಿಟಾಗೆ (ಇಲ್ಲಿನ ಶಿಶುವಿಹಾರಕ್ಕೆ) ಸೇರಿದ ಮೊದಲ ವಾರಗಳಲ್ಲಿ ಅಪ್ಪ ಅಥವಾ ಅಮ್ಮ ಜೊತೆಗೇ ಕೂರಬೇಕಾಗುತ್ತದೆ. ಇದಕ್ಕೆ ಇಲ್ಲಿ ಐನ್‌ಗೆವೋನುಂಗ್ ಅಂತಾರೆ. ಆಫೀಸಿನಲ್ಲಿ ರಜೆ ಮೊದಲೇ ಕೇಳಿಟ್ಟುಕೊಳ್ಳಿ. ಅಲ್ಲಿ ಕೂತಾಗ ಮೊಬೈಲ್ ಒಳಗಿಟ್ಟು ಸುಮ್ನೆ ಗಮನಿಸಿ. ಪಕ್ಕದ ಮಗು ಶೂ ಬಿಚ್ಚಿ ಒಳಗಿನ ಚಪ್ಪಲಿ ಹಾಕಿಕೊಂಡರೆ ನಿಮ್ಮದೂ ಹಾಕಿಕೊಳ್ಳುತ್ತದೆ. ಊಟಕ್ಕೆ ಕೂತಾಗ ಎಲ್ಲರೂ 'ಗೂಟನ್ ಅಪೆಟೀಟ್' (ಚೆನ್ನಾಗಿ ಊಟ ಮಾಡಿ) ಅನ್ನುವವರೆಗೆ ಚಮಚ ಮುಟ್ಟಬಾರದು ಅನ್ನೋದೂ ಹೀಗೇ ಬರುತ್ತದೆ, ಭಾಷೆ ಒಂದಕ್ಷರ ಬರದಿದ್ದರೂ. ಅದಕ್ಕೇ 'ಜರ್ಮನ್ ಶಿಸ್ತು' ಅಂತ ಮನೆಯಲ್ಲಿ ಪಾಠ ಮಾಡಬೇಡಿ.

ರಸ್ತೆಯಲ್ಲಿ ಮಾತ್ರ ಹುಷಾರು. ಗಾಡಿ ಒಂದೂ ಇಲ್ಲ ಅಂತ ಕೆಂಪು ದೀಪದಲ್ಲಿ ದಾಟಿದರೆ 5 ಯೂರೋ ದಂಡ. ದಂಡ ಹಾಕೋರು ಕಡಿಮೆ, ಬೈಯೋ ಅಜ್ಜಿಯರು ಜಾಸ್ತಿ. 'ಹಸಿರಿದ್ದಾಗ ಮಾತ್ರ, ಮಕ್ಕಳಿಗೆ ಮಾದರಿಯಾಗಿ' ಅಂತ ಕೆಲವು ಕಡೆ ಬೋರ್ಡೇ ಇರುತ್ತದೆ.

ನೋಡಿ ಕಲಿತ ನಿಯಮವನ್ನು ಬೇರೆಯವರೂ ಪಾಲಿಸಬೇಕು ಅಂತ ಮಕ್ಕಳು ಪಟ್ಟು ಹಿಡೀತಾರೆ. ಲೈಪ್ಸಿಗ್ ನಗರದ ಮ್ಯಾಕ್ಸ್ ಪ್ಲಾಂಕ್ ಸಂಶೋಧನಾ ಸಂಸ್ಥೆಯವರು 2008ರಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. ದೊಡ್ಡವರೊಬ್ಬರು ಹೊಸ ಆಟ ಆಡಿ ತೋರಿಸಿದರು. ಆಮೇಲೆ ಒಂದು ಗೊಂಬೆ ಅದನ್ನೇ ಬೇರೆ ಥರ ಆಡಿತು. ಮೂರು ವರ್ಷದ ಮಕ್ಕಳು 'ಹಾಗಲ್ಲ' ಅಂತ ಗೊಂಬೆಯ ಜೊತೆ ತಗಾದೆ ತೆಗೆದರು. ಊರಿಂದ ಬಂದ ತಾತ ಕೆಂಪು ದೀಪ ದಾಟಲು ಹೊರಟಾಗ ಮೊಮ್ಮಗಳು ಅಂಗಿ ಹಿಡಿದೆಳೆದರೆ ಉದ್ಧಟತನ ಅಂದುಕೊಳ್ಳಬೇಡಿ.

ಕಷ್ಟ ಇರೋದು ನಮ್ಮ ಪದ್ಧತಿಗಳದ್ದು. ಊರಲ್ಲಾದರೆ ದಿನಾ ಯಾರಾದರೂ ಬರುತ್ತಾರೆ. 'ಬನ್ನಿ ಬನ್ನಿ' ಅಂತೀವಿ, ನೀರು ಕೊಡ್ತೀವಿ, ಹೊರಡುವಾಗ ಹೆಣ್ಣುಮಕ್ಕಳಿಗೆ ಕುಂಕುಮ. ಮಗು ಎಲ್ಲವನ್ನೂ ನೋಡುತ್ತದೆ. ಇಲ್ಲಿ ಬರೋರೇ ಕಡಿಮೆ ಅಲ್ವಾ? ಹಬ್ಬದ ದಿನ ಒಮ್ಮೆಲೇ 'ಅಂಕಲ್‌ಗೆ ನಮಸ್ಕಾರ ಮಾಡು ಪುಟ್ಟಾ' ಅಂದರೆ ಅದು ನಿಮ್ಮ ಕಾಲ ಹಿಂದೆ ಅವಿತುಕೊಳ್ಳದೆ ಇನ್ನೇನು ಮಾಡೀತು? ಹೇಳುವುದನ್ನು ಬಿಡಿ, ನೀವೇ ಮಾಡಿ. ವೀಡಿಯೊ ಕಾಲ್‌ನಲ್ಲಿ ಫೋನು ಮಗುವಿನ ಕೈಗೆ ಕೊಡುವ ಮುಂಚೆ ನಿಮ್ಮ ಅಪ್ಪ ಅಮ್ಮನಿಗೆ ನೀವು ಕೈಮುಗಿಯಿರಿ. ವಾರದಲ್ಲಿ ಒಂದು ಸಂಜೆ ಇನ್ನೊಂದು ಕನ್ನಡ ಮನೆಯವರನ್ನು ಕಾಫಿಗೆ ಕರೆಯಿರಿ.

ನಮ್ಮ ಕನ್ನಡ ಸಂಘದ ಸಂಕ್ರಾಂತಿಯಲ್ಲಿ ದೊಡ್ಡ ಮಕ್ಕಳ ಕೈಲಿ ಎಳ್ಳು ಬೀರಿಸುತ್ತೇವೆ. ಚಿಕ್ಕವರನ್ನು ಅವರ ಹಿಂದೆ ಬಿಟ್ಟುಬಿಡಿ, ನೀವು ಮಧ್ಯೆ ಬರಬೇಡಿ. ನಮ್ಮ ಮಾತಿಗೆ ಜಗ್ಗದ ಮಕ್ಕಳು ತಮಗಿಂತ ಎರಡು ವರ್ಷ ದೊಡ್ಡ ಅಕ್ಕ ಮಾಡಿದ್ದನ್ನು ಖುಷಿಯಾಗಿ ಮಾಡುತ್ತಾರೆ. ಎಳ್ಳುಬೆಲ್ಲದ ಪೊಟ್ಟಣ ಮನೆಯಿಂದಲೇ ತನ್ನಿ. ಕೆಲವು ಮಕ್ಕಳಿಗೆ ಕಡಲೆಕಾಯಿ ಬೀಜ ಆಗುವುದಿಲ್ಲ, ಅದಕ್ಕೆ ಏನೇನು ಹಾಕಿದ್ದೀರಿ ಅಂತ ಪೊಟ್ಟಣದ ಮೇಲೆ ಚೀಟಿ ಅಂಟಿಸಿ.