ಹಳೆಯ ಮ್ಯಾಕಿಂಟಾಶ್ ಎಲ್‌ಸಿಯನ್ನು ಮತ್ತೆ ಚಾಲನೆಗೆ ತರುವ ಬಗೆ

ಬಣ್ಣದ ಪರದೆಯ ಮ್ಯಾಕ್ ಮನೆಗಳಿಗೂ ಶಾಲೆಗಳಿಗೂ ಎಟುಕುವ ಬೆಲೆಯಲ್ಲಿ ಸಿಗಬೇಕೆಂಬ ಉದ್ದೇಶದಿಂದ ಆ್ಯಪಲ್ ಕಂಪನಿ 1990ರ ಅಕ್ಟೋಬರ್‌ನಲ್ಲಿ ಮ್ಯಾಕಿಂಟಾಶ್ ಎಲ್‌ಸಿಯನ್ನು ಹೊರತಂದಿತು. 1992ರಲ್ಲಿ ಎಲ್‌ಸಿ 2, 1993ರಲ್ಲಿ ಎಲ್‌ಸಿ 3 ಮತ್ತು ಎಲ್‌ಸಿ 475 ಅಂಥದೇ ಚಪ್ಪಟೆ ಪೆಟ್ಟಿಗೆಯಲ್ಲಿ ಬಂದವು. ಇವುಗಳಲ್ಲಿ ಒಂದು ನಿಮ್ಮ ಕೈಸೇರಿದರೆ, ಓಡುತ್ತದೆಯೋ ಇಲ್ಲವೋ ನೋಡೋಣವೆಂದು ಆತುರದಿಂದ ಸ್ವಿಚ್ ಹಾಕಬೇಡಿ. ಮೊದಲು ಒಳಗಿನ ಸ್ಥಿತಿಯನ್ನು ನೋಡಬೇಕು.

ಹಿಂಬದಿಯಲ್ಲಿರುವ ಎರಡು ಕೊಕ್ಕೆಗಳನ್ನು ಮೇಲೆತ್ತಿದರೆ ಮುಚ್ಚಳ ಬಿಚ್ಚಿಕೊಳ್ಳುತ್ತದೆ. ಮೂವತ್ತು ವರ್ಷ ದಾಟಿದ ಪ್ಲಾಸ್ಟಿಕ್ ಸುಲಭವಾಗಿ ಮುರಿಯುವುದರಿಂದ ಬಲ ಹಾಕದೆ, ಎರಡೂ ಕಡೆ ಸ್ವಲ್ಪ ಸ್ವಲ್ಪವೇ ಎತ್ತಿರಿ. ಒಳಗಿರುವ 3.6 ವೋಲ್ಟ್‌ನ ಗಿಡ್ಡ ಲಿಥಿಯಂ ಬ್ಯಾಟರಿಯನ್ನು ಕೂಡಲೇ ತೆಗೆಯಿರಿ, ಏಕೆಂದರೆ ಅದು ಒಡೆದು ಸೋರಿದರೆ ಯಂತ್ರದ ಮುಖ್ಯ ಸರ್ಕ್ಯೂಟ್ ಬೋರ್ಡನ್ನು ಉಳಿಸಿಕೊಳ್ಳುವುದು ಬಹಳ ಕಷ್ಟ. ಆದರೆ ಎಲ್‌ಸಿ 475 ಬ್ಯಾಟರಿಯಿಲ್ಲದೆ ಪರದೆಯಲ್ಲಿ ಏನನ್ನೂ ತೋರಿಸದೆ ಇರಬಹುದು. ಹೊಸ ಬ್ಯಾಟರಿ ಹಾಕಿ ನೋಡುವ ಮುನ್ನ ಅದು ಕೆಟ್ಟಿದೆಯೆಂದು ತೀರ್ಮಾನಿಸಬೇಡಿ.

ನಿಜವಾದ ಕೆಲಸವಿರುವುದು ಬೋರ್ಡಿನ ಮೇಲಿನ ಪುಟ್ಟ ಅಲ್ಯೂಮಿನಿಯಂ ಕೆಪಾಸಿಟರ್‌ಗಳಲ್ಲಿ, ಅಂದರೆ ವಿದ್ಯುತ್ತನ್ನು ತುಸು ಹೊತ್ತು ಹಿಡಿದಿಡುವ ಬಿಡಿಭಾಗಗಳಲ್ಲಿ. ಇವುಗಳ ಒಳಗಿನ ದ್ರವ ವರ್ಷಗಳು ಕಳೆದಂತೆ ತಳದಿಂದ ಜಿನುಗಿ, ಕೂದಲೆಳೆಯಷ್ಟು ತೆಳುವಾದ ತಾಮ್ರದ ಗೆರೆಗಳನ್ನು ತಿನ್ನುತ್ತದೆ. ಧ್ವನಿ ಕ್ಷೀಣವಾಗಿದ್ದರೆ, ಅಥವಾ ಆರಂಭದ ನಾದವೇ ಕೇಳಿಸದಿದ್ದರೆ, ಮೊದಲ ಅನುಮಾನ ಇವುಗಳ ಮೇಲೆಯೇ ಇರಲಿ. ಬದಲಿಸುವ ಮೊದಲು ಬೋರ್ಡಿನ ಚಿತ್ರ ತೆಗೆದುಕೊಂಡು, ಪ್ರತಿಯೊಂದರ ಮೇಲೂ ಮುದ್ರಿಸಿರುವ ಮೌಲ್ಯ ಮತ್ತು ದಿಕ್ಕನ್ನು ಬರೆದಿಟ್ಟುಕೊಳ್ಳಿ. ಹಳೆಯವನ್ನು ತೆಗೆದ ಮೇಲೆ ಐಸೊಪ್ರೊಪೈಲ್ ಆಲ್ಕೊಹಾಲ್ ಮತ್ತು ಮೃದುವಾದ ಬ್ರಷ್‌ನಿಂದ ಆ ಜಾಗವನ್ನು ತೊಳೆದು, ಪೂರ್ತಿ ಒಣಗಿಸಿ, ಹೊಸದನ್ನು ಬೆಸುಗೆ ಹಾಕಿರಿ. ಟ್ಯಾಂಟಲಮ್ ಕೆಪಾಸಿಟರ್ ಬಳಸುವವರು ಒಂದು ವಿಷಯವನ್ನು ಮರೆಯಲೇಬಾರದು: ಅಲ್ಯೂಮಿನಿಯಂ ಕೆಪಾಸಿಟರ್‌ನಲ್ಲಿ ಕಪ್ಪು ಗುರುತು ಋಣ ತುದಿಯನ್ನು ತೋರಿಸಿದರೆ, ಟ್ಯಾಂಟಲಮ್‌ನಲ್ಲಿ ಪಟ್ಟಿ ಧನ ತುದಿಯನ್ನು ತೋರಿಸುತ್ತದೆ. ತಿರುಗಾಮುರುಗಾ ಹಾಕಿದರೆ ಅದು ಹೊತ್ತಿ ಉರಿಯಬಹುದು.

ಪವರ್ ಸಪ್ಲೈ ಒಳಗೂ ಇದೇ ಸೋರಿಕೆ ಆಗುತ್ತದೆ, ಆದರೆ ಅಲ್ಲಿ ಪ್ಲಗ್ ತೆಗೆದ ಮೇಲೂ ಅಪಾಯಕಾರಿ ವಿದ್ಯುತ್ ಉಳಿದಿರುವುದರಿಂದ ಅನುಭವಿ ರಿಪೇರಿಯವರಿಗೇ ಒಪ್ಪಿಸಿ. ಹೊರದೇಶದಿಂದ ತಂದ ಯಂತ್ರವಾದರೆ, ನಮ್ಮ 230 ವೋಲ್ಟ್‌ಗೆ ಹೊಂದುತ್ತದೆಯೇ ಎಂಬುದನ್ನು ಹಿಂಬದಿಯ ಚೀಟಿಯಲ್ಲಿ ಓದಿಯೇ ಪ್ಲಗ್ ಹಾಕಬೇಕು. ಹಳೆಯ ಸ್ಕಜಿ (SCSI, ಡಿಸ್ಕ್‌ಗಳನ್ನು ಕಂಪ್ಯೂಟರಿಗೆ ಜೋಡಿಸುವ ಹಳೆಯ ವಿಧಾನ) ಹಾರ್ಡ್‌ಡಿಸ್ಕ್ ತಿರುಗದಿದ್ದರೆ, ಎಸ್‌ಡಿ ಕಾರ್ಡನ್ನು ಸ್ಕಜಿ ಡಿಸ್ಕಿನಂತೆ ಕಾಣಿಸುವ ಅಡಾಪ್ಟರ್ ಅದರ ಜಾಗವನ್ನು ತುಂಬುತ್ತದೆ.

ಮೆಮೊರಿಯನ್ನು ಹೆಚ್ಚಿಸುವಾಗ ಮಿತಿಯನ್ನು ಅರಿತು ಖರ್ಚು ಮಾಡಿ. ಮೊದಲ ಎಲ್‌ಸಿಯಲ್ಲಿ ಬೋರ್ಡಿನ 2 ಎಂಬಿಗೆ 4 ಎಂಬಿಯ ಎರಡು ಸಿಮ್ಮ್‌ಗಳು (SIMM, ಸಿಕ್ಕಿಸುವ ಮೆಮೊರಿ ಪಟ್ಟಿಗಳು) ಸೇರಿ 10 ಎಂಬಿ ಆಗುತ್ತದೆ. ಎಲ್‌ಸಿ 2ರಲ್ಲಿ ಬೋರ್ಡಿನ ಮೇಲೆಯೇ 4 ಎಂಬಿ ಇದ್ದರೂ ಅದು ಬಳಸುವುದು 10 ಎಂಬಿ ಮಾತ್ರ. ನನ್ನ ಅಭಿಪ್ರಾಯದಲ್ಲಿ ಮೊದಲು ಹೆಚ್ಚಿಸಬೇಕಾದದ್ದು ವಿಡಿಯೊ ಮೆಮೊರಿ. ಮೊದಲ ಎಲ್‌ಸಿ ಜೊತೆಗೆ ಬರುತ್ತಿದ್ದ 256 ಕೆಬಿಯಲ್ಲಿ, 512×384 ಚುಕ್ಕಿಗಳ 12 ಇಂಚಿನ ಪರದೆಗೆ 256 ಬಣ್ಣಗಳು ಸಿಗುತ್ತವೆ, ಆದರೆ 640×480ಕ್ಕೆ ಹೋದರೆ 16 ಬಣ್ಣಗಳಷ್ಟೇ ಉಳಿಯುತ್ತವೆ. 512 ಕೆಬಿ ಹಾಕಿದರೆ ದೊಡ್ಡ ಪರದೆಯಲ್ಲಿ 256, ಚಿಕ್ಕದರಲ್ಲಿ 32,768 ಬಣ್ಣಗಳು ಕಾಣುತ್ತವೆ.