ಆಂಬ್ಯುಲೆನ್ಸ್‌ನಲ್ಲಿ ರೋಗಿಯನ್ನು ನೋಡಲು ಕಲಿತದ್ದು

ಹಾವೇರಿ ಜಿಲ್ಲೆಯಲ್ಲಿ 108 ಆಂಬ್ಯುಲೆನ್ಸ್‌ನಲ್ಲಿ ಇಎಂಟಿ, ಅಂದರೆ ದಾರಿಯಲ್ಲಿ ರೋಗಿಯನ್ನು ನೋಡಿಕೊಳ್ಳುವ ತುರ್ತು ಚಿಕಿತ್ಸಾ ಸಿಬ್ಬಂದಿ, ಆಗಿದ್ದೇನೆ. ಹೊಸದಾಗಿ ಸೇರುವ ಹುಡುಗರು ಮೊದಲು ಕೇಳುವುದು ಬಿಪಿ ಹೇಗೆ ನೋಡೋದು, ಶುಗರ್ ಹೇಗೆ ನೋಡೋದು ಅಂತ. ಅವು ಬೇಗ ಕೈಗೆ ಹತ್ತುತ್ತವೆ. ನನಗೆ ತಡವಾಗಿ ಬಂದದ್ದು ಬೇರೆ. ಯಾವುದನ್ನು ಮೊದಲು ನೋಡಬೇಕು, ಯಾರನ್ನು ಏನು ಕೇಳಬೇಕು ಅನ್ನೋದು.

ತರಬೇತಿಯಲ್ಲಿ ಕಲಿಸಿದ ಕ್ರಮ ಸರಳ. ಮೊದಲು ಜಾಗ ಸುರಕ್ಷಿತವೇ, ಕೈಗೆ ಗ್ಲೌಸ್ ಇದೆಯೇ ಅಂತ ನೋಡು. ರಕ್ತ ಜೋರಾಗಿ ಹರಿಯುತ್ತಿದ್ದರೆ ಅದನ್ನು ನಿಲ್ಲಿಸು. ಆಮೇಲೆ ಎಬಿಸಿಡಿಇ: ಉಸಿರಿನ ದಾರಿ, ಉಸಿರಾಟ, ರಕ್ತ ಸಂಚಾರ, ಎಚ್ಚರ, ಕೊನೆಗೆ ಬಟ್ಟೆ ಸರಿಸಿ ಮೈ ನೋಡುವುದು. ಬಾಯಿಪಾಠವೇನೋ ಬಂತು. ಆದರೆ ಪಡಸಾಲೆ ತುಂಬ ಜನ ಕೂಗಾಡುವಾಗ ಎಲ್ಲ ಮರೆತುಹೋಗುತ್ತದೆ. ಅದಕ್ಕೆ ನೋಡಿದ್ದನ್ನೆಲ್ಲ ಬಾಯಿಬಿಟ್ಟು ಹೇಳುವ ರೂಢಿ ಮಾಡಿಕೊಂಡೆ. "ಮಾತಾಡಾಕತ್ತಾರ. ಉಸಿರು ಜೋರೈತಿ. ಕೈ ತಣ್ಣಗ, ಬೆವರು ಐತಿ." ಪೈಲಟ್, ಅಂದರೆ ನಮ್ಮ ಡ್ರೈವರ್, ಕೇಳಿಸಿಕೊಳ್ಳುತ್ತಾರೆ. ನಾನು ಬಿಟ್ಟದ್ದನ್ನು ಅವರೇ ನೆನಪಿಸುತ್ತಾರೆ.

ಉಸಿರಿನ ಲೆಕ್ಕವನ್ನು ಎಷ್ಟೋ ಜನ ಅಂದಾಜಿಗೆ 18 ಅಂತ ಬರೆದು ಬಿಡುತ್ತಾರೆ. ನನಗೆ ಅದು ಸೇರೋದಿಲ್ಲ. ದೊಡ್ಡವರಿಗೆ ನಿಮಿಷಕ್ಕೆ 12ರಿಂದ 20 ಸಹಜ. ರೋಗಿ ಕೆಡುತ್ತಿದ್ದರೆ ಎಷ್ಟೋ ಸಲ ಮೊದಲು ಏರುವುದು ಇದೇ. ಎಣಿಸುತ್ತೇನೆ ಅಂತ ಹೇಳಿದರೆ ಉಸಿರಾಟವೇ ಬದಲಾಗುತ್ತದೆ. ಹಾಗಾಗಿ ನಾಡಿ ನೋಡಿದ ಮೇಲೂ ಮಣಿಕಟ್ಟು ಬಿಡುವುದಿಲ್ಲ. ಕಣ್ಣು ಎದೆಯ ಮೇಲೆ. 30 ಸೆಕೆಂಡು ಎಣಿಸಿ ಎರಡರಿಂದ ಗುಣಿಸುತ್ತೇನೆ. ಮನೆಯಲ್ಲಿ ಅಪ್ಪ ಮಲಗಿದಾಗ ಇದನ್ನೇ ಅಭ್ಯಾಸ ಮಾಡುತ್ತಿದ್ದೆ. ಅವ್ವನಿಗೆ ಅದು ಅಪಶಕುನದ ಹಾಗೆ ಕಾಣುತ್ತಿತ್ತು!

ಓಡುವ ಗಾಡಿಯಲ್ಲಿ, ಸೈರನ್ ನಡುವೆ ಬಿಪಿ ನೋಡಲು ಹೋದರೆ ಸ್ಟೆತಸ್ಕೋಪ್‌ನಲ್ಲಿ ಏನೂ ಕೇಳಿಸೋದಿಲ್ಲ. ಆಗ ಬೆರಳೇ ಗತಿ. ನಾಡಿ ಹಿಡಿದುಕೊಂಡು ತೋಳಿಗೆ ಸುತ್ತಿದ ಬಿಪಿ ಪಟ್ಟಿಗೆ ಗಾಳಿ ತುಂಬಬೇಕು. ನಾಡಿ ಬೆರಳಿಗೆ ಸಿಗದಂತಾದ ಮೇಲೆ ಇನ್ನೂ 30 ಅಂಕಿ ಏರಿಸಿ ನಿಧಾನಕ್ಕೆ ಬಿಡಬೇಕು. ನಾಡಿ ಮತ್ತೆ ಸಿಕ್ಕ ಅಂಕಿಯೇ ಮೇಲಿನ ಬಿಪಿ. ಕೆಳಗಿನದು ಹೀಗೆ ಸಿಗೋದಿಲ್ಲ. ಸುಮ್ನೆ ಊಹಿಸಿ ಬರೆಯಬಾರದು. ಬೆರಳಿಗೆ ಹಾಕುವ ಆಕ್ಸಿಜನ್ ಮೀಟರ್ ಕೂಡ ಕೈ ತಣ್ಣಗಿದ್ದರೆ, ಉಗುರಿಗೆ ಗಾಢ ಬಣ್ಣವಿದ್ದರೆ ತಪ್ಪು ತೋರಿಸಬಹುದು. ಮೀಟರ್ ನೋಡುವ ಮೊದಲು ಮುಖ ನೋಡುವುದು ಒಳ್ಳೆಯದು.

ನಿಜವಾಗಿ ಕಷ್ಟದ್ದು ಮಾತಾಡಿಸುವುದು. "ಬಿಪಿ, ಶುಗರ್ ಐತೇನ್ರಿ?" ಅಂದರೆ ನಮ್ಮ ಕಡೆ "ಏನೂ ಇಲ್ರಿ" ಅನ್ನುತ್ತಾರೆ. ಗುಳಿಗೆ ತಗೊಂಡು ಹತೋಟಿಯಲ್ಲಿದ್ದರೆ ಅವರ ಲೆಕ್ಕದಲ್ಲಿ ಕಾಯಿಲೆ ಇಲ್ಲ! ಈಗ ನಾನು ಹಾಗೆ ಕೇಳೋದೇ ಇಲ್ಲ. "ಅಜ್ಜಾರ ಗುಳಿಗಿ ಚೀಲ ತರ್ರಿ" ಅನ್ನುತ್ತೇನೆ. ಮೊಳೆಗೆ ನೇತು ಹಾಕಿದ ಪ್ಲಾಸ್ಟಿಕ್ ಚೀಲ ಬರುತ್ತದೆ. ಅದರಲ್ಲಿ ಶುಗರ್ ಇಳಿಸುವ ಗ್ಲಿಮೆಪಿರೈಡ್ ಗುಳಿಗೆಯ ಪಟ್ಟಿ ಇದ್ದು, ಅಜ್ಜ ಮಂಪರಿನಲ್ಲಿದ್ದರೆ ಮುಂದಿನ ಪ್ರಶ್ನೆ ಒಂದೇ: ಇವತ್ತು ಏನು ಉಂಡರು? ಗುಳಿಗೆ ತಗೊಂಡು ಊಟ ಬಿಟ್ಟರೆ ಶುಗರ್ 70ಕ್ಕಿಂತ ಕೆಳಗೆ ಇಳಿದಿರಬಹುದು. ಎಚ್ಚರ ತಪ್ಪಿದವರೆಲ್ಲರಿಗೂ ಗ್ಲೂಕೋಮೀಟರ್ ಹಚ್ಚಿ ನೋಡಲೇಬೇಕು. ಕುಡಿದಿದ್ದಾನೆ ಅಂತ ಮನೆಯವರು ಆಣೆ ಮಾಡಿದರೂ ಸರಿ.

"ಗ್ಯಾಸ್ ಆಗೈತ್ರಿ" ಅನ್ನುವವರ ಬಗ್ಗೆ ನನಗೆ ಜಾಸ್ತಿ ಭಯ. ಶುಗರ್ ಇದ್ದವರಿಗೆ, ವಯಸ್ಸಾದ ಹೆಂಗಸರಿಗೆ ಹೃದಯಾಘಾತದಲ್ಲೂ ಎದೆ ನೋಯದೇ ಇರಬಹುದು. ಸುಸ್ತು, ಬೆವರು, ಹೊಟ್ಟೆ ತೊಳಸುವುದು ಅಷ್ಟೇ. ನಾನು "ನೋವು ಐತೇನು?" ಅನ್ನದೆ, "ಯವ್ವಾ, ಹೆಂಗ ಆಗಾಕತ್ತೈತಿ, ಎಲ್ಲಿ, ಕೈ ಇಟ್ಟ ತೋರ್ಸು" ಅನ್ನುತ್ತೇನೆ. ಬೆರಳ ತುದಿಯಿಂದ ಒಂದೇ ಜಾಗ ತೋರಿಸುತ್ತಾರೋ, ಮುಷ್ಟಿ ಬಿಗಿದು ಎದೆಗೆ ಒತ್ತುತ್ತಾರೋ ಗಮನಿಸುತ್ತೇನೆ. ಮುಷ್ಟಿ ಕಂಡರೆ ಚುರುಕಾಗುತ್ತೇನೆ. ಕಾಣದಿದ್ದರೂ ಹೃದಯದ ಅನುಮಾನ ಬಿಡುವುದಿಲ್ಲ.

ಹತ್ತಿ, ಗೋವಿನಜೋಳಕ್ಕೆ ಔಷಧಿ ಹೊಡೆಯುವ ದಿನಗಳಲ್ಲಿ ಇನ್ನೊಂದು ಬಗೆಯ ಕರೆ ಬರುತ್ತದೆ. ಕಣ್ಣ ಪಾಪೆ ಸೂಜಿಮೊನೆಯಷ್ಟು ಸಣ್ಣ, ಬಾಯಲ್ಲಿ ಜೊಲ್ಲು, ಮೈತುಂಬ ಬೆವರು, ಎದೆಯಲ್ಲಿ ಗೊರಗೊರ, ಔಷಧಿ ವಾಸನೆ. ಹೊಡೆಯುವಾಗ ಮೈಗೆ ಹತ್ತಿತೋ, ಕುಡಿದದ್ದೋ ಅಂತ ಮಾವ ಅತ್ತೆಯ ಮುಂದೆ ಕೇಳಿದರೆ ಸೊಸೆ ಬಾಯಿ ಬಿಡೋದಿಲ್ಲ. ಗಾಡಿಯ ಬಾಗಿಲು ಹಾಕಿ ಕೇಳಬೇಕು. ಚರ್ಮದಿಂದಲೂ ವಿಷ ಏರುವುದರಿಂದ ನೆನೆದ ಬಟ್ಟೆ ತೆಗೆಸಬೇಕು. ಬಾಟಲಿ ಜೊತೆಗೇ ತರಬೇಕು.

ಒಂದು ಸಲ ನೋಡಿದರೆ ಮುಗಿಯಲಿಲ್ಲ. ಗಂಭೀರ ಇದ್ದವರನ್ನು 5 ನಿಮಿಷಕ್ಕೊಮ್ಮೆ, ಉಳಿದವರನ್ನು 15 ನಿಮಿಷಕ್ಕೊಮ್ಮೆ ಮತ್ತೆ ಮೊದಲಿಂದ ನೋಡಬೇಕು. ಬೈಕ್‌ನಿಂದ ಬಿದ್ದು ಹೊಟ್ಟೆಗೆ ಪೆಟ್ಟಾದವನ ನಾಡಿ ಬಂಕಾಪುರದಲ್ಲಿ 96, ತಡಸ ಕ್ರಾಸ್‌ನಲ್ಲಿ 118 ಆಯಿತು ಅಂತಿಟ್ಟುಕೊಳ್ಳಿ. ಹೊರಗೆ ಹನಿ ರಕ್ತ ಕಾಣದಿದ್ದರೂ ಒಳಗೆ ಸೋರುತ್ತಿರಬಹುದು. ಹುಬ್ಬಳ್ಳಿಯ ದೊಡ್ಡ ಸರ್ಕಾರಿ ಆಸ್ಪತ್ರೆ, ಜನ ಕಿಮ್ಸ್ ಅನ್ನುವುದರ ಕ್ಯಾಶುವಾಲ್ಟಿಯಲ್ಲಿ ಡಾಕ್ಟರಿಗೆ ನಮ್ಮ ಕಥೆ ಕೇಳಲು ಪುರುಸೊತ್ತು ಇರೋದಿಲ್ಲ. ವಯಸ್ಸು, ಏನಾಯಿತು, ಯಾವಾಗ, ಏನು ಕಂಡಿತು, ಏನು ಕೊಟ್ಟೆವು. ಇಷ್ಟು ಹೇಳಿ, ನಾಡಿಯ ಆ ಎರಡು ಅಂಕಿಗಳನ್ನು ಸಮಯದ ಸಮೇತ ಮುಂದಿಡುತ್ತೇನೆ.