ಕರಡಿ ಓಡಾಡುವ ಬೆಟ್ಟಕ್ಕೆ ಬುತ್ತಿ ಕಟ್ಟುವುದು ಹೇಗೆ?

ಕೊಡಗಿನ ಬ್ರಹ್ಮಗಿರಿ ಬೆಟ್ಟ ಹತ್ತುವವರು ಆನೆಯ ಬಗ್ಗೆ ವಿಚಾರಿಸುತ್ತಾರೆ, ಕರಡಿಯನ್ನು ಮರೆಯುತ್ತಾರೆ. ಕರಡಿಗೆ ಕಣ್ಣು ಮಂದ, ಮೂಗು ಬಲು ಚುರುಕು. ಮಣ್ಣಿನೊಳಗಿನ ಗೆದ್ದಲನ್ನೂ ವಾಸನೆ ಹಿಡಿದೇ ಅಗೆದು ತಿನ್ನುತ್ತದೆ. ಆದ್ದರಿಂದ ಒಂದು ದಿನದ ಚಾರಣಕ್ಕೆ ಅಡುಗೆಯೆಲ್ಲ ಮನೆಯಲ್ಲೇ ಮುಗಿಯಬೇಕು. ಕಾಡಿನಲ್ಲಿ ಒಲೆ ಹೂಡುವುದು ಬೇಡವೇ ಬೇಡ. ಬೇಸಿಗೆಯಲ್ಲಿ ಒಣಗಿದ ಹುಲ್ಲಿಗೆ ಒಂದು ಕಿಡಿ ಸಾಕು.

ಮೊದಲು ಏನು ಒಯ್ಯಬೇಕೆಂದು ನಿರ್ಧರಿಸಿ. ನನ್ನ ಆಯ್ಕೆ ಅಕ್ಕಿ ರೊಟ್ಟಿ ಮತ್ತು ಚಟ್ನಿಪುಡಿ. ತೆಂಗಿನಕಾಯಿ ಚಟ್ನಿ ಮಧ್ಯಾಹ್ನದೊಳಗೆ ಹಳಸುತ್ತದೆ. ಚಿತ್ರಾನ್ನದ ಬಗ್ಗೆಯೂ ಎಚ್ಚರವಿರಲಿ: ಬೇಯಿಸಿದರೂ ಸಾಯದ ಕೆಲವು ಬೀಜಾಣುಗಳು ಅನ್ನದಲ್ಲಿ ಉಳಿದು, ಬೆಚ್ಚಗಿರುವಾಗ ಬೆಳೆದು ವಿಷ ಬಿಡುತ್ತವೆ. ಮತ್ತೆ ಬಿಸಿ ಮಾಡಿದರೂ ಆ ವಿಷ ಹೋಗದು. 5ರಿಂದ 60 ಡಿಗ್ರಿ ಸೆಲ್ಸಿಯಸ್ ನಡುವೆ ಅನ್ನ, ಮಾಂಸ 2 ಗಂಟೆಗಿಂತ ಹೆಚ್ಚು ಇರಬಾರದು. ಪಂದಿಕರಿ (ಹಂದಿ ಮಾಂಸದ ಅಡುಗೆ) ಸಂಜೆ ಮನೆಗೆ ಬಂದ ಮೇಲೆಯೇ ಇರಲಿ. ಜೇನು, ಹಲಸಿನ ಹಣ್ಣು ಬೇಡ. ಹಲಸು ಆನೆಗೂ ಪ್ರಿಯ.

ಹೊರಡುವ ದಿನ ಬೆಳಿಗ್ಗೆಯೇ ರೊಟ್ಟಿ ಸುಟ್ಟು, ಬಟ್ಟೆಯ ಮೇಲೆ ಹರಡಿ ಪೂರ್ತಿ ಆರಿಸಿ. ಬಿಸಿಯಿರುವಾಗಲೇ ಮುಚ್ಚಿದರೆ ಬೆವತು ಬೇಗ ಕೆಡುತ್ತದೆ. ಬಾಡಿಸಿದ ಬಾಳೆಎಲೆಯಲ್ಲಿ ಸುತ್ತಿ, ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಗೆ ಹಾಕಿ. ಕುದಿಸಿ ಆರಿಸಿದ ನೀರು, ಸೋಪು, ಕಸಕ್ಕೊಂದು ಖಾಲಿ ಡಬ್ಬಿ ಜೊತೆಗಿರಲಿ.

ಊಟಕ್ಕೆ ಸುತ್ತಲೂ ಕಾಣುವ ಬಯಲು ಜಾಗ ಒಳ್ಳೆಯದು. ಹುತ್ತ, ಹಣ್ಣಿನ ಮರ, ಪೊದೆ, ತೊರೆಯ ಪಕ್ಕ ಕೂರಬೇಡಿ. ಸೋಪು ಹಚ್ಚಿ ಬಾಟಲಿ ನೀರಿನಲ್ಲೇ ಕೈ ತೊಳೆಯಿರಿ. ಸೋಪಿನ ನೀರು ತೊರೆಗೆ ಸೇರದಿರಲಿ. ಚೀಲ ಬಿಟ್ಟು ಯಾರೂ ಫೋಟೊ ತೆಗೆಯಲು ಹೋಗಬಾರದು. ಬಡಿಸಿದ್ದನ್ನೆಲ್ಲ ತಿಂದು ಮುಗಿಸಿ. ಕಿತ್ತಳೆ ಸಿಪ್ಪೆ, ಬಾಳೆಎಲೆ, ಉದುರಿದ ರೊಟ್ಟಿ ಚೂರು ಎಲ್ಲವೂ ಕಸದ ಡಬ್ಬಿಗೆ. "ಕೊಳೆಯುತ್ತದೆ ಬಿಡಿ" ಎನ್ನುವವರ ಮಾತು ಕೇಳಬೇಡಿ. ಕೊಳೆಯುವ ಮೊದಲೇ ಪ್ರಾಣಿಯ ಮೂಗಿಗೆ ಅದು ಬಡಿದಿರುತ್ತದೆ. ಮನುಷ್ಯರಿರುವಲ್ಲಿ ತಿಂಡಿ ಸಿಗುತ್ತದೆಂದು ಒಮ್ಮೆ ಕಲಿತ ಪ್ರಾಣಿ ಮತ್ತೆ ಅಲ್ಲಿಗೇ ಬರುತ್ತದೆ. ಅದರ ಕಷ್ಟ ಪಕ್ಕದ ತೋಟದಲ್ಲಿ ಕೆಲಸ ಮಾಡುವವರಿಗೆ.

ತಿರುವುಗಳಲ್ಲಿ ಮಾತಾಡುತ್ತ ನಡೆಯಿರಿ. ಹತ್ತಿರದಲ್ಲಿ ಹಠಾತ್ತನೆ ಎದುರಾದಾಗಲೇ ಕರಡಿ ಹೆಚ್ಚಾಗಿ ಮೇಲೆರಗುವುದು. ದೂರದಲ್ಲಿ ಕಂಡರೆ ತಿಂಡಿ ಎಸೆಯಬೇಡಿ, ಓಡಬೇಡಿ. ಅದರತ್ತ ಮುಖ ಮಾಡಿಕೊಂಡೇ ನಿಧಾನವಾಗಿ ಹಿಂದೆ ಸರಿಯಿರಿ. ಜೊತೆಗಿರುವ ಗೈಡ್ ಹೇಳಿದಂತೆ ನಡೆಯಿರಿ.

ಇಳಿದ ಮೇಲೆ ಕಸವನ್ನು ಕಾಡಂಚಿನ ತೊಟ್ಟಿಗೆ ಸುರಿಯದೆ ಮನೆಗೇ ಒಯ್ಯಿರಿ. ತೆರೆದ ತೊಟ್ಟಿಗೆ ರಾತ್ರಿ ಹಂದಿ, ಕರಡಿ ಎರಡೂ ಬರಬಹುದು.